ನಮ್ಮೂರಿನ ಏಕೈಕ ಸರ್ದಾರ್ಜಿ

ನಮ್ಮ ಊರಿನವರು ಏನನ್ನಾದರೂ ಆಚರಿಸಲು ಹೊರಟರೆ ಅದು ಆಚರಣೆಯಾಗಿಯೇ ಮುಗಿದದ್ದನ್ನು ನಾನು ಕಂಡಿಲ್ಲ. ಕೋರ್ಟು ಕೇಸಾಗಿ ಮುಗಿದದ್ದುಂಟು, ಮದುವೆಯ ಸಂಬಂಧವಾಗಿ ಮುಗಿದದ್ದುಂಟು, ಒಮ್ಮೆ ಊರಿಡೀ ಹೊಟ್ಟೆ ಕೆಟ್ಟು ಮುಗಿದದ್ದೂ ಉಂಟು. ಆದರೆ ಎಪ್ಪತ್ತರ ದಶಕದ ನಡುವಿನಲ್ಲಿ ನಮ್ಮ ಹೈಸ್ಕೂಲಿನಲ್ಲಿ ಮೂರು ವರ್ಷ ನಡೆದ ‘ವೈವಿಧ್ಯ ದಿನ’ ಮುಗಿದ ರೀತಿಯನ್ನು ನೆನೆದರೆ ಈಗಲೂ ನನ್ನ ಬಾಯಿ ತೆರೆದುಕೊಳ್ಳುತ್ತದೆ. ನಗಲಿಕ್ಕಲ್ಲ, ಗಾಬರಿಯಿಂದ.

ಊರು ಪುತ್ತೂರು, ಸುಳ್ಯ, ಕಡಬ ಈ ಮೂರರ ನಡುವೆ ಇತ್ತು. ಮೂರಕ್ಕೂ ಹತ್ತಿರ ಎಂದು ಊರವರು ಹೇಳುತ್ತಿದ್ದರು. ನನ್ನ ಅನುಭವದಲ್ಲಿ ಮೂರಕ್ಕೂ ದೂರ. ಒಂದೇ ಒಂದು ಬಸ್ಸು. ಅದೂ ಡ್ರೈವರನ ಮನಸ್ಸು ಸರಿ ಇದ್ದರೆ. ಮೈಸೂರಿನಲ್ಲಿ ಸಮಾಜಶಾಸ್ತ್ರದ ಎಂ.ಎ. ಮುಗಿಸಿದ ನಾನು ಅಲ್ಲಿನ ಹೈಸ್ಕೂಲಿಗೆ ಮೇಷ್ಟ್ರಾಗಿ ಬಂದಿದ್ದೆ. ಹೈಸ್ಕೂಲು ಎಂದರೆ ಎಂಟು ಮತ್ತು ಒಂಬತ್ತು ಮಾತ್ರ. ಹತ್ತನೇ ತರಗತಿಗೆ ಮಂಜೂರಾತಿ ಸಿಕ್ಕಿರಲಿಲ್ಲ. ಒಂಬತ್ತು ಪಾಸಾದ ಹುಡುಗರು ಪುತ್ತೂರಿನಲ್ಲೋ ಸುಳ್ಯದಲ್ಲೋ ಯಾರಾದರೂ ನೆಂಟರ ಜಗಲಿಯಲ್ಲಿ ಮಲಗಿ ಹತ್ತು ಓದುತ್ತಿದ್ದರು. ಹುಡುಗಿಯರು ಬೀಡಿಯ ಮೊರವನ್ನು ಮಡಿಲಿಗೆ ಎಳೆದುಕೊಳ್ಳುತ್ತಿದ್ದರು.

ನಮ್ಮ ಹೆಡ್ಮಾಸ್ಟರಿಗೆ ಇದೊಂದೇ ಚಿಂತೆ. ಅವರಿಗಿಂತ ಹೆಚ್ಚಿನ ಚಿಂತೆ ಶಾಲೆಯ ಎದುರಿನ ಜೀನಸಿನಂಗಡಿಯ ಬ್ಯಾರಿಯವರಿಗೆ. ಊರಿಗೆಲ್ಲ ಅವರು ‘ಕಾಕ’. ಅವರ ದೊಡ್ಡ ಮಗಳು ಒಂಬತ್ತು ಮುಗಿಸಿ ಮನೆಯಲ್ಲಿ ಬೀಡಿ ಕಟ್ಟುತ್ತಿದ್ದಳು. ಎರಡನೆಯವಳು ಪಕ್ಕದ ಪ್ರಾಥಮಿಕ ಶಾಲೆಯಲ್ಲಿ ಏಳನೆಯದು ಓದುತ್ತಿದ್ದಳು, ಎಲ್ಲದರಲ್ಲೂ ಮೊದಲು. ಹೆಡ್ಮಾಸ್ಟರು ಗೇಟು ದಾಟುವಾಗ ಕಾಕ ದಿನಾ ಕೂಗುತ್ತಿದ್ದರು: “ಎಂತ ಹೆಡ್ಮಾಷ್ಟ್ರೆ, ಹತ್ತು ಬಂತಾ?”

“ಇನ್ನೂ ಇಲ್ಲ ಕಾಕ.”

“ಒಂಬತ್ತರ ನಂತರ ಹತ್ತು ಬರುದು ನನ್ನ ತಕ್ಕಡಿಯಲ್ಲಿ ಮಾತ್ರವಾ?”

ಆಗ ಮಂಗಳೂರಿನಲ್ಲಿದ್ದ ಶಿಕ್ಷಣಾಧಿಕಾರಿಗಳು ಘಟ್ಟದ ಮೇಲಿನವರು. ಭಾವೈಕ್ಯ ಎಂದರೆ ಅವರಿಗೆ ಹುಚ್ಚು. ಮಂಜೂರಾತಿ ಕೇಳಲು ಹೋದ ಹೆಡ್ಮಾಸ್ಟರಿಗೆ ಅವರು ಹೇಳಿದರಂತೆ: “ನಿಮ್ಮ ಕಡೆ ಎಷ್ಟು ಜನಾಂಗ, ಎಷ್ಟು ಭಾಷೆ ಕಣ್ರೀ! ಕಲೆ, ಕುಣಿತ, ಆಟ, ಊಟ ಎಲ್ಲ ಸೇರಿಸಿ ಅದನ್ನ ಆಚರಿಸಿ ತೋರಿಸಿ. ನಾನೇ ಬರ್ತೀನಿ. ಹತ್ತನೇ ತರಗತಿ ಆಮೇಲೆ ನೋಡೋಣ.”

ತುಳು, ಅರೆಭಾಷೆ, ಬ್ಯಾರಿ, ಮಲಯಾಳ, ಕನ್ನಡ ಐದನ್ನೂ ಒಂದೇ ಉಸಿರಿನಲ್ಲಿ ಆಡಿ ಅಡಕೆಗೆ ಚೌಕಾಸಿ ಮಾಡುವ ಜನರಿಗೆ ತಾವು ವೈವಿಧ್ಯ ಎಂದು ಅದುವರೆಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಎಲ್ಲವೂ ಕೆಟ್ಟಿತು. ಸಮಾಜಶಾಸ್ತ್ರ ಓದಿದವ ಎಂದು ಸಂಚಾಲಕನನ್ನಾಗಿ ನನ್ನನ್ನೇ ಮಾಡಿದರು.

ಗೋಡೆ

ಕಲೆಯ ವಿಭಾಗ ಡ್ರಾಯಿಂಗ್ ಮೇಷ್ಟ್ರದ್ದು. ಧಾರವಾಡದ ಕಡೆಯವರು, ಊರಿಗೆ ಬಂದು ಹೆಚ್ಚು ದಿನ ಆಗಿರಲಿಲ್ಲ. ಯಾರು ಯಾರೆಂದು ಇನ್ನೂ ಗುರುತು ಸಿಕ್ಕಿರಲಿಲ್ಲ. “ಶಾಲೆಯ ಗೋಡೆಯ ಮೇಲೆ ಊರಿನ ಎಲ್ಲ ಜನಾಂಗದವರನ್ನೂ ಬಿಡಿಸಿ” ಎಂದು ಹೇಳಿದ್ದೆ. ಅವರು ಟಾರ್ಪಾಲು ಕಟ್ಟಿ ಅದರ ಹಿಂದೆ ಕೆಲಸ ಮಾಡಿದರು. ಶಿಕ್ಷಣಾಧಿಕಾರಿ ಸಾಹೇಬರು ಬರುವ ದಿನ ಬೆಳಿಗ್ಗೆ ಟಾರ್ಪಾಲು ಇಳಿಸಿದರು.

ನಮ್ಮ ಊರಿನಲ್ಲಿ ಆಗ ಗಂಡಸರ ವೇಷ ಒಂದೇ. ಬಿಳಿಯ ಮುಂಡು, ಹೆಗಲಿಗೆ ಬೈರಾಸು, ತೋಟಕ್ಕಿಳಿದರೆ ತಲೆಗೆ ಅಡಕೆ ಹಾಳೆಯ ಮುಟ್ಟಾಳೆ. ಬಾಯಿ ಬಿಟ್ಟರೆ ಮಾತ್ರ ಯಾರ ಮನೆಯವನೆಂದು ಗೊತ್ತಾಗಬೇಕು. ಗೋಡೆಯಲ್ಲಿ ಹಾಗಿರಲಿಲ್ಲ.

ಕೋಡಿಂಬಾಳದ ಕಡೆ ರಬ್ಬರು ಹಾಕಿದ್ದ ಕೇರಳದ ಕ್ರೈಸ್ತರೊಬ್ಬರಿದ್ದರು, ಎಲ್ಲರಿಗೂ ‘ಚೇಟ’. ಅವರು ಚಿತ್ರದ ಮುಂದೆ ನಿಂತರು. “ಈ ಕೋಟು, ಟೈಯವ ಯಾರು ಮಾಷ್ಟ್ರೆ?”

“ನೀವೇ ಅಂತ ಕಾಣ್ತದೆ.”

“ನಾನಾ? ಮದುವೆಗೇ ನಾನು ಕೋಟು ಹಾಕ್ಲಿಲ್ಲ! ಈ ಸೆಖೆಯಲ್ಲಿ ಕೋಟು ಹಾಕಿ ತೋಟಕ್ಕೆ ಹೋದರೆ ರಬ್ಬರಿನ ಹಾಲಿಗಿಂತ ಮೊದಲು ನಾನೇ ಇಳಿಯುದು.”

ಕಾಕ ತಮ್ಮ ಪ್ರತಿನಿಧಿಯ ತಲೆಯ ಮೇಲಿನ ಕುಚ್ಚಿನ ಕೆಂಪು ಟೊಪ್ಪಿಯನ್ನು ನೋಡಿ ಕೇಳಿದರು: “ನನ್ನ ತಲೆಗೆ ಮಣ್ಣಿನ ಚಟ್ಟಿ ಕವುಚಿದ್ದು ಎಂತಕ್ಕೆ?”

ಶಾಲಾ ಸಮಿತಿಯ ಅಧ್ಯಕ್ಷರು ದೊಡ್ಡ ಅಡಕೆ ತೋಟದ ಧಣಿಗಳು, ಮೀಸೆ ಬೋಳಿಸಿದವರು. ಅವರ ಪಾಲಿಗೆ ಬಂದದ್ದು ಗಿರಿಜಾ ಮೀಸೆ ಮತ್ತು ಜರಿಯ ಪೇಟ. ಅವರು ಮೂಗಿನ ಕೆಳಗೆ ಕೈಯಾಡಿಸಿಕೊಂಡು ಹೊರಟುಹೋದರು.

ಎಲ್ಲರೂ ದಂಗಾದದ್ದು ಚಿತ್ರದ ಕೊನೆಗೆ. ಅಲ್ಲಿ ಎಲ್ಲರಿಗಿಂತ ಎತ್ತರದ ಒಬ್ಬ ಮನುಷ್ಯ. ಗುಲಾಬಿ ಮುಂಡಾಸು, ಹೊಟ್ಟೆಯವರೆಗೆ ಗಡ್ಡ, ಕೈಯಲ್ಲಿ ಕಡಗ. ನಗುತ್ತಿದ್ದ.

“ಇವ ಯಾರು?” ಹೆಡ್ಮಾಸ್ಟರ ದನಿ ಸಣ್ಣಗಾಗಿತ್ತು.

“ಸರ್ದಾರ್ಜಿ ಅದಾನ್ರಿ,” ಎಂದರು ಡ್ರಾಯಿಂಗ್ ಮೇಷ್ಟ್ರು. “ಭಾರತದ ಜನರು ಅಂತ ಸ್ಟೋರ್ ರೂಮಿನ್ಯಾಗ ಚಾರ್ಟ್ ಇತ್ರಿ. ಅದರಾಗ ಇದ್ದಾವ ಇಲ್ಲೂ ಇದ್ದಾನ. ಎಲ್ಲಾರೂ ಇರ್ಲಿ ಅಂದ್ರಲ್ರಿ.”

ಅಳಿಸಲು ಸಮಯ ಇರಲಿಲ್ಲ. ಜೀಪು ಬಂತು. ಸಾಹೇಬರು ಇಳಿದವರು ಕೋಟನ್ನೂ ನೋಡಲಿಲ್ಲ, ಚಟ್ಟಿಯನ್ನೂ ನೋಡಲಿಲ್ಲ. ನೇರವಾಗಿ ಗುಲಾಬಿ ಮುಂಡಾಸಿನ ಮುಂದೆ ನಿಂತರು. “ಅಬ್ಬಾ! ನಿಮ್ಮೂರಲ್ಲಿ ಸಿಖ್ಖರೂ ಇದ್ದಾರೇನ್ರೀ?”

ನಮ್ಮ ಹೆಡ್ಮಾಸ್ಟರು ತಡವಾಗಿ ಬಂದ ಸ್ವಂತ ಮಗನಿಗೂ ಹಾಜರಿ ಹಾಕದ ಮನುಷ್ಯ. ಅವರು ಬಾಯಿ ತೆರೆದರು. “ಇದ್ದಾರೆ ಸಾರ್. ಇವತ್ತು... ರಜೆಯಲ್ಲಿದ್ದಾರೆ.”

“ಮುಂದಿನ ಸಲ ಭೇಟಿ ಮಾಡಿಸಿ” ಎಂದು ಸಾಹೇಬರು ವೇದಿಕೆಯ ಕಡೆಗೆ ನಡೆದರು. ಹೆಡ್ಮಾಸ್ಟರು ಗೋಡೆಗೆ ಒರಗಿದರು.

“ಅದು ನಾನು ಹೇಳಿದ್ದಾ?”

“ಹೌದು ಸಾರ್.”

“ಎಂತಕ್ಕೆ ಹೇಳಿದೆ ಮಾರಾಯ್ರೆ?”

“ನನಗೆ ಹೇಗೆ ಗೊತ್ತು ಸಾರ್? ರಜೆ ಮಂಜೂರು ಮಾಡಿದ್ದು ನೀವು.”

ತಿಂಗಳು ತಪ್ಪಿ ಬಂದವ

ಅದೇ ದಿನದ ಕುಣಿತ. ನಮ್ಮ ಕಡೆ ಆಟಿ ತಿಂಗಳಲ್ಲಿ, ಮಳೆ ಜೋರಾಗಿ ಜ್ವರ ಹೆಚ್ಚುವಾಗ, ಕಳೆಂಜ ಎಂಬ ವೇಷದವ ಮನೆಮನೆಗೆ ಬರುತ್ತಾನೆ. ಸೊಂಟಕ್ಕೆ ತೆಂಗಿನ ಎಳೆಗರಿ, ಮುಖಕ್ಕೆ ಬಣ್ಣ, ಕೈಯಲ್ಲಿ ತಾಳೆಗರಿಯ ಕೊಡೆ. ಅಂಗಳದಲ್ಲಿ ಕುಣಿದು, ಮನೆಯ ರೋಗವನ್ನು ತೆಗೆದುಕೊಂಡು ಹೋಗುತ್ತಾನೆ. ನಮ್ಮ ದಿನಾಚರಣೆ ಇದ್ದದ್ದು ಜನವರಿಯಲ್ಲಿ.

ವೇಷ ಕಟ್ಟುವ ಮನುಷ್ಯ ಮೊದಲು ಒಪ್ಪಲಿಲ್ಲ. “ಈಗ ರೋಗವೇ ಇಲ್ಲವಲ್ಲ ಮಾಷ್ಟ್ರೆ. ನಾನು ಬಂದು ಎಂತ ಕೊಂಡುಹೋಗುದು?” ಹೆಡ್ಮಾಸ್ಟರು ಕೈಮುಗಿದು ಬರಿಸಿದರು.

ಕುಣಿತ ಚೆನ್ನಾಗಿಯೇ ಇತ್ತು. ಹೊತ್ತಾಯಿತೆಂದು ನಾನು ಕೈಸನ್ನೆ ಮಾಡಿದೆ. ಅವನು ಕುಣಿಯುತ್ತಲೇ ಇದ್ದ. ಇನ್ನೊಮ್ಮೆ ಮಾಡಿದೆ. ಕುಣಿಯುತ್ತಲೇ ನನ್ನ ಬಳಿಗೆ ಬಂದ.

“ಸಾಕು, ಇಳಿ.”

“ಇಳಿಯುದು ಹೇಗೆ? ಕೊಡ್ಲಿಲ್ಲವಲ್ಲ.”

“ಸರ್ಟಿಫಿಕೇಟು ಆಮೇಲೆ ಕೊಡ್ತಾರೆ.”

“ಅದು ಯಾರಿಗೆ ಬೇಕು? ಅಕ್ಕಿ, ಉಪ್ಪು, ಮೆಣಸು, ಹುಳಿ, ಅರಸಿನ, ಮಸಿ ಕೊಡಬೇಕು. ಮನೆಯವರ ಕೈಯಿಂದಲೇ ಬೀಳಬೇಕು. ಬರಿಗೈಯಲ್ಲಿ ಇಳಿದರೆ ಮಾರಿ ನಿಮ್ಮ ಶಾಲೆಯಲ್ಲೇ ಉಳಿಯುದು. ಆಮೇಲೆ ನನ್ನನ್ನು ದೂರಬೇಡಿ.”

“ಇಲ್ಲಿ ಮನೆಯವರು ಯಾರು?”

ಅವನು ಕೊಡೆಯನ್ನು ತಿರುಗಿಸಿ ವೇದಿಕೆಯ ಅತಿ ದೊಡ್ಡ ಕುರ್ಚಿಯ ಕಡೆ ತೋರಿಸಿದ.

ತಮಗೆ ಗೌರವ ಸಲ್ಲಿಸುತ್ತಿದ್ದಾನೆಂದು ಸಾಹೇಬರು ಎದ್ದು ಕೈಮುಗಿದರು. ಅವನು ಬುಟ್ಟಿ ಚಾಚಿದ. ಸಾಹೇಬರು ಕೊರಳಿನ ಹಾರವನ್ನು ತೆಗೆದು ಅದರಲ್ಲಿ ಹಾಕಿದರು. ಅವನು ಹಾರವನ್ನೆತ್ತಿ ಮೈಕಿಗೆ ತೂಗುಹಾಕಿ ಮತ್ತೆ ಬುಟ್ಟಿ ಚಾಚಿದ. ಸಾಹೇಬರು ನನ್ನ ಕಡೆ ನೋಡಿದರು.

“ಏನು ಬೇಕಂತ್ರೀ ಇವರಿಗೆ?”

“ಮೆಣಸು ಸಾರ್.”

“ಏನು?”

“ಒಣ ಮೆಣಸು. ಮತ್ತೆ ಸ್ವಲ್ಪ ಮಸಿ.”

ಸರಕಾರಿ ಸೇವೆಯಲ್ಲಿ ಅವರಿಂದ ಯಾರೂ ಅದುವರೆಗೆ ಮಸಿ ಕೇಳಿರಲಿಲ್ಲ. ಬಾಯಿ ತೆರೆದು ನಿಂತರು. ಅಷ್ಟರಲ್ಲಿ ಕಾಕ ಅಂಗಡಿಗೆ ಓಡಿ ಎಲ್ಲವನ್ನೂ ಕಾಗದದಲ್ಲಿ ಕಟ್ಟಿ ತಂದಿದ್ದರು. ಮಸಿ ಮಾತ್ರ ಚಹಾದ ಒಲೆಯದ್ದು. ಸಾಹೇಬರು ತಮ್ಮ ಕೈಯಿಂದಲೇ ಒಂದೊಂದನ್ನೇ ಬುಟ್ಟಿಗೆ ಸುರಿದರು. ಆಮೇಲೆ ಅದೇ ಕೈಯಿಂದ ಹಣೆಯ ಬೆವರು, ಕೆನ್ನೆಯ ಬೆವರು ಒರೆಸಿಕೊಂಡರು. ಕಳೆಂಜ ಅವರ ತಲೆಯ ಮೇಲೆ ಕೊಡೆಯನ್ನು ಒಂದು ಸುತ್ತು ತಿರುಗಿಸಿ, ಮಾರಿ ಹೊರಟಿತೆಂದು ತುಳುವಿನಲ್ಲಿ ಸಾರಿ ಇಳಿದು ಹೋದ.

ಸಾಹೇಬರು ವೈವಿಧ್ಯದ ಬಗ್ಗೆ ಉದ್ದಕ್ಕೆ ಮಾತಾಡಿದರು. ಮುಖದ ಅರ್ಧ ಕಪ್ಪು. ಹೇಳೋಣವೆಂದು ಹೆಡ್ಮಾಸ್ಟರು ಏಳಹೊರಟರೆ ಅಧ್ಯಕ್ಷರು ಅವರ ಅಂಗಿ ಹಿಡಿದೆಳೆದು ಕೂರಿಸಿದರು. “ಬೇಡ ಮಾರಾಯ್ರೆ. ಮಾರಿ ಹೋದ ಗುರುತು ಅದು, ಇರಲಿ.”

“ಜೀಪಿನ ಕನ್ನಡಿಯಲ್ಲಿ ನೋಡಿಕೊಂಡರೆ ನಮ್ಮ ಹತ್ತನೇ ಕ್ಲಾಸು?”

ಹಿಂದಿನಿಂದ ಕಾಕ ಹೇಳಿದರು: “ಅದನ್ನೂ ಅವ ಬುಟ್ಟಿಯಲ್ಲಿ ಹಾಕಿಕೊಂಡು ಹೋದ.”

ಆ ವರ್ಷ ಹತ್ತು ಬರಲಿಲ್ಲ.

ಮೌನ

ಎರಡನೇ ವರ್ಷ ಗಲಾಟೆ ಪ್ರಾರ್ಥನೆಯಿಂದಲೇ ಶುರು. ಯಾರ ಪ್ರಾರ್ಥನೆ ಮೊದಲು ಎಂಬ ಚರ್ಚೆ ಮುಗಿಯದೆ, ಹೆಡ್ಮಾಸ್ಟರು ಮೌನ ಪ್ರಾರ್ಥನೆ ಎಂದು ತೀರ್ಮಾನ ಮಾಡಿದರು. ಯಾರಿಗೂ ಬೇಸರ ಇಲ್ಲ, ಯಾರಿಗೂ ಹೆಚ್ಚಲ್ಲ. ಒಳ್ಳೆಯ ಉಪಾಯ ಎಂದು ನಾನೂ ಹೇಳಿದೆ. ಎಂ.ಎ. ಓದಿದವನಿಗೂ ಹೊಳೆಯದ ಒಂದು ಸಂಗತಿ ಇತ್ತು.

ಧ್ವನಿವರ್ಧಕದಲ್ಲಿ ಹೆಡ್ಮಾಸ್ಟರ ಗಂಭೀರ ಸ್ವರ ಬಂತು: “ಎಲ್ಲರೂ ಎದ್ದು ನಿಂತು ಎರಡು ನಿಮಿಷ ಮೌನ ಆಚರಿಸಬೇಕಾಗಿ ವಿನಂತಿ.” ನಮ್ಮ ಊರಿನಲ್ಲಿ ಮೈಕಿನಲ್ಲಿ ಹಾಗೆ ಹೇಳುವುದು ಒಂದೇ ಸಂದರ್ಭದಲ್ಲಿ.

ಗಂಡಸರು ತಲೆಯ ಮುಟ್ಟಾಳೆ ತೆಗೆದರು. ಕಾಕ ಅಂಗಡಿಗೆ ಹಲಗೆ ಜೋಡಿಸಿದರು. ಬಸ್ಸಿನ ಡ್ರೈವರ್ ಎಂಜಿನು ಬಂದ್ ಮಾಡಿ ಕೆಳಗಿಳಿದು ಕೈಕಟ್ಟಿ ನಿಂತ. ತೀರಿಕೊಂಡದ್ದು ಯಾರೆಂದು ಎಲ್ಲರೂ ವೇದಿಕೆ ನೋಡಿದರು. ಸಾಹೇಬರು ಇನ್ನೂ ಬಂದಿರಲಿಲ್ಲ. ಅವರ ಕುರ್ಚಿ ಖಾಲಿ, ಕುರ್ಚಿಯ ಕೈಗೆ ಅವರಿಗಾಗಿ ತಂದ ಹಾರ.

ಮುದುಕಿಯೊಬ್ಬರು ಸೆರಗಿನಿಂದ ಕಣ್ಣೊರೆಸಿಕೊಂಡರು. “ಪಾಪ, ಎಂಥಾ ಮನುಷ್ಯ! ಹೋದ ವರ್ಷ ಮುಖಕ್ಕೆ ಮಸಿ ಮೆತ್ತಿಕೊಂಡು ಎಷ್ಟು ಚೆಂದ ಮಾತಾಡಿದ್ದ!”

ಮೌನ ಮುಗಿಯುವ ಮೊದಲೇ ಜೀಪು ಬಂದು, ಸಾಹೇಬರು ಅದರಿಂದ ಇಳಿದರು. ಮುದುಕಿ ಕಿರುಚಿ ಹಿಂದಿನವರ ಮೇಲೆ ಬಿದ್ದರು. ಉಳಿದವರು ಮುಟ್ಟಾಳೆ ಎದೆಗೆ ಹಿಡಿದುಕೊಂಡು ಕಲ್ಲಿನ ಹಾಗೆ ನಿಂತೇ ಇದ್ದರು. ಬರಿತಲೆಯಲ್ಲಿ, ಒದ್ದೆಗಣ್ಣಿನಲ್ಲಿ ನಿಂತ ಅಷ್ಟೂ ಜನರನ್ನು ನೋಡಿ ಸಾಹೇಬರು ಎರಡೂ ಕೈ ಜೋಡಿಸಿದರು. “ನನಗೋಸ್ಕರ ಇಷ್ಟು ಹೊತ್ತು ನಿಂತಿದ್ದೀರಾ!”

“ಹೌದು ಸಾರ್” ಎಂದರು ಹೆಡ್ಮಾಸ್ಟರು. ಇದು ಸುಳ್ಳಾಗಿರಲಿಲ್ಲ.

ಬಸ್ಸಿನ ಡ್ರೈವರನಿಗೆ ಮಾತ್ರ ಸಿಟ್ಟು ಇಳಿಯಲಿಲ್ಲ. “ಜೀವ ಉಂಟು ಅಂತ ಮೊದಲೇ ಹೇಳ್ಲಿಕ್ಕೆ ಆಗುದಿಲ್ವಾ? ನಾನು ಕಡಬದ ಟ್ರಿಪ್ಪು ಕ್ಯಾನ್ಸಲ್ ಮಾಡಿ ಆಯ್ತು!”

ಹಗ್ಗ

ಆ ವರ್ಷದ ಕ್ರೀಡೆ ಹಗ್ಗಜಗ್ಗಾಟ. ಜಾತಿಗೊಂದು ತಂಡ ಮಾಡಿದರೆ ಭಾವೈಕ್ಯ ಕೆಡುತ್ತದೆಂದು ಹೆಡ್ಮಾಸ್ಟರು ಚೀಟಿ ಎತ್ತಿಸಿದರು. ಚೀಟಿಯಲ್ಲಿ ಒಂದು ಕಡೆಯ ಮುಂಚೂಣಿಗೆ ಅಧ್ಯಕ್ಷರು ಬಂದರು. ಎದುರು ಕಡೆಯ ಮುಂಚೂಣಿಗೆ ಅವರದೇ ಗೇಣಿ ಒಕ್ಕಲು.

ಅದು ಉಳುವವನೇ ಒಡೆಯ ಎಂಬ ಕಾನೂನು ಬಂದು, ಭೂಮಿ ತಮ್ಮದೆಂದು ಗೇಣಿದಾರರೆಲ್ಲ ಡಿಕ್ಲರೇಶನ್ ಹಾಕುತ್ತಿದ್ದ ಕಾಲ. ಈ ಒಕ್ಕಲೂ ಹಾಕಿದ್ದ. ಕೇಸು ಪುತ್ತೂರಿನ ಟ್ರಿಬ್ಯೂನಲ್ಲಿನಲ್ಲಿತ್ತು. ಇಬ್ಬರಿಗೂ ಮಾತು ಬಿಟ್ಟು ಹೋಗಿತ್ತು. ಈಗ ಒಂದೇ ಹಗ್ಗ ಹಿಡಿದು ಮುಖಕ್ಕೆ ಮುಖ ಕೊಟ್ಟು ನಿಂತರು.

“ಜಾಗ್ರತೆ ಧಣಿಗಳೇ, ಬೀಳ್ತೀರಿ” ಎಂದ ಒಕ್ಕಲು.

“ನಾನು ಬಿದ್ದರೆ ನಿನಗೆಂತ? ಬೀಳಿಸಲಿಕ್ಕೆ ಅಲ್ವಾ ನೀನು ಪುತ್ತೂರಿಗೆ ಹೋಗುದು?”

“ಅದು ಕಾನೂನು. ಇದು ಆಟ.”

“ಹಾಗಾದರೆ ಎಳಿ, ನೋಡುವ.”

ಸೀಟಿ ಊದಿದ್ದೇ ತಡ, ಅಧ್ಯಕ್ಷರು ಮುಂಡು ಸಮೇತ ಮಣ್ಣಿನ ಮೇಲೆ ಜಾರಿಕೊಂಡು ಗೆರೆ ದಾಟಿ ಒಕ್ಕಲಿನ ಕಾಲ ಬುಡಕ್ಕೆ ಬಂದು ಬಿದ್ದರು. ಚಪ್ಪಾಳೆ ಇಲ್ಲ. ತಟ್ಟಬೇಕೋ ಬಾರದೋ ಯಾರಿಗೂ ಗೊತ್ತಾಗಲಿಲ್ಲ. ಒಕ್ಕಲೇ ಹೆಚ್ಚು ಹೆದರಿ ಕೈಕೊಟ್ಟು ಎಬ್ಬಿಸಿದ. ಅಧ್ಯಕ್ಷರು ಮಣ್ಣು ಕೊಡವಿಕೊಂಡರು. “ವಕೀಲ ಇಲ್ಲದೆ ಗೆದ್ದೆಯಲ್ಲ ಮಾರಾಯ!” ಆಗ ಚಪ್ಪಾಳೆ ಬಿತ್ತು.

ಹಗ್ಗ ಅಧ್ಯಕ್ಷರ ಮನೆಯದ್ದು, ಮರ ಎಳೆಸುವ ಒಳ್ಳೆಯ ಹಗ್ಗ. ಸಂಜೆ ನೋಡಿದರೆ ಒಕ್ಕಲು ಅದನ್ನು ಸುರುಳಿ ಸುತ್ತಿ ಹೆಗಲಿಗೆ ಹಾಕಿಕೊಂಡು ಹೊರಟಿದ್ದ.

“ಓ, ಹಗ್ಗ ನಂದು!”

“ಇವತ್ತಿನವರೆಗೆ ನಿಮ್ಮದೇ ಧಣಿಗಳೇ. ಇನ್ನು ಎಳೆದವನದ್ದು.”

ಸಾಹೇಬರು ಕುತೂಹಲದಿಂದ ನನ್ನನ್ನು ಕೇಳಿದರು: “ಇದೂ ನಿಮ್ಮ ಕಡೆಯ ಜಾನಪದ ಪದ್ಧತಿಯೇನ್ರೀ?”

“ಅಲ್ಲ ಸಾರ್, ಸರಕಾರದ್ದು.”

ಲಾರಿ

ಹೊರಡುವಾಗ ಸಾಹೇಬರು ಗೋಡೆಯ ಮುಂದೆ ನಿಂತರು. “ಎಲ್ರೀ ನಿಮ್ಮ ಸರ್ದಾರ್ಜಿ? ಹಗ್ಗಕ್ಕೆ ಅವರು ಇರಬೇಕಿತ್ತು.”

ಹೆಡ್ಮಾಸ್ಟರ ಬಾಯಿ ತೆರೆಯಿತು. ಪಕ್ಕದಿಂದ ಡ್ರಾಯಿಂಗ್ ಮೇಷ್ಟ್ರು ತಣ್ಣಗೆ ಹೇಳಿದರು: “ಮರದ ಲಾರಿ ತಗೊಂಡು ಘಟ್ಟ ಹತ್ಯಾರ್ರಿ.”

ಜೀಪು ಹೋದ ಮೇಲೆ ಹೆಡ್ಮಾಸ್ಟರು ಅವರ ಮೇಲೆ ಹಾರಿಬಿದ್ದರು. “ಲಾರಿ ಎಲ್ಲಿಂದ ಬಂತು ಮಾರಾಯ್ರೆ?”

“ವರ್ಷಪೂರ್ತಿ ರಜಾದಾಗ ಇರಾಕ ಆಗ್ತದೇನ್ರಿ ಸರ? ಹೊಟ್ಟಿಗೆ ಏನಾರ ಮಾಡಬೇಕಲ್ಲ.”

ನನ್ನನ್ನು ನಿಜಕ್ಕೂ ಬೆಚ್ಚಿಬೀಳಿಸಿದ್ದು ಆಮೇಲಿನದ್ದು. ಊರಿಗೆ ಸರ್ದಾರ್ಜಿ ಇಷ್ಟವಾಗಿಬಿಟ್ಟಿದ್ದ. ಅವನ ಮನೆ ಕೋಡಿಂಬಾಳದಿಂದ ಆಚೆ ಎಂದಾಯಿತು. ಅವನ ಹೆಂಡತಿಗೆ ಮೀನು ಆಗುವುದಿಲ್ಲ ಎಂದಾಯಿತು. ಆಲೆಟ್ಟಿಯಿಂದ ಬಂದಿದ್ದ ಒಬ್ಬರು, ತಮ್ಮ ಹಲಸಿನ ಮರ ಸಾಗಿಸಿದ್ದು ಅವನ ಲಾರಿಯಲ್ಲೇ, ಮನುಷ್ಯ ಪ್ರಾಮಾಣಿಕ, ತುಳುವೂ ತಕ್ಕಮಟ್ಟಿಗೆ ಬರುತ್ತದೆ ಎಂದು ನನ್ನೆದುರೇ ಹೇಳಿದರು. ಅವನು ಇಲ್ಲವೇ ಇಲ್ಲ ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ನೀವು ಊರಿಗೆ ಹೊಸಬರಲ್ವಾ ಮಾಷ್ಟ್ರೆ? ಪರಿಚಯ ಆಗ್ಲಿಕ್ಕೆ ಸಮಯ ಬೇಕು.”

ಸಜ್ಜಿಗೆ

ಎರಡನೇ ವರ್ಷವೂ ಹತ್ತು ಬರಲಿಲ್ಲ. ಮೂರನೇ ವರ್ಷಕ್ಕೆ ಕಾಕನ ಎರಡನೇ ಮಗಳು ಒಂಬತ್ತರಲ್ಲಿದ್ದಳು. ಸಾಹೇಬರಿಗೆ ಬೇಸಿಗೆಯಲ್ಲಿ ವರ್ಗವಾಗುವ ಸುದ್ದಿಯೂ ಬಂತು. ಕಾಕ ಬೆಳಿಗ್ಗೆ “ಹತ್ತು ಬಂತಾ?” ಎಂದು ಕೇಳುವುದನ್ನು ನಿಲ್ಲಿಸಿದ್ದರು. ಹೆಡ್ಮಾಸ್ಟರಿಗೆ ಅದನ್ನು ಸಹಿಸಲಾಗಲಿಲ್ಲ. ಗೇಟಿನ ಬಳಿ ತಾವೇ ನಿಂತು “ಬರ್ತದೆ ಕಾಕ” ಎನ್ನುತ್ತಿದ್ದರು. ಕಾಕ ತಕ್ಕಡಿಯಿಂದ ತಲೆ ಎತ್ತುತ್ತಿರಲಿಲ್ಲ. “ದೊಡ್ಡವಳು ನಿನ್ನೆ ತಂಗಿಗೆ ಎಲೆ ಕತ್ತರಿಸುದು ಹೇಗೆ ಅಂತ ತೋರಿಸ್ತಾ ಇದ್ದಳು” ಎಂದರು ಒಮ್ಮೆ.

ಹಾಗಾಗಿ ಕೊನೆಯ ಅಸ್ತ್ರವಾಗಿ ಊಟ. ಐದು ಮೇಜು, ಐದು ಮನೆ. ಪ್ರತಿ ಮನೆಯವರೂ ತಮ್ಮತಮ್ಮ ವಿಶೇಷವನ್ನು ಮಾಡಿ ತರಬೇಕೆಂದು ಹೆಡ್ಮಾಸ್ಟರು ಮನೆಮನೆಗೆ ಹೋಗಿ ಹೇಳಿ ಬಂದರು. ಅಧ್ಯಕ್ಷರ ಮನೆ, ಕಾಕನ ಮನೆ, ಚೇಟನ ಮನೆ, ಒಂದು ಅರೆಭಾಷೆ ಮನೆ, ಒಂದು ತುಳು ಮನೆ. ಕಾಕನ ಮನೆಯ ಅಕ್ಕಿಯ ಪತ್ತಿರಿ ಬರುತ್ತದೆ, ತುಳು ಮನೆಯ ಕೋಳಿಸಾರಿನ ಕೋರಿರೊಟ್ಟಿ ಬರುತ್ತದೆ, ಕಪ್ಪಕಿಳಂಗು ಎಂದು ಚೇಟ ಹೇಳುವ ಮರಗೆಣಸು ಬರುತ್ತದೆ ಎಂದು ನಾನು ಬೆಳಿಗ್ಗೆ ಏನೂ ತಿಂದಿರಲಿಲ್ಲ.

ಸಾಹೇಬರು ಮೊದಲ ಮೇಜಿನ ಪಾತ್ರೆಯ ಮುಚ್ಚಳ ತೆಗೆದರು. ಸಜ್ಜಿಗೆ, ಎಂದರೆ ನಮ್ಮ ಕಡೆಯ ಉಪ್ಪಿಟ್ಟು, ಪಕ್ಕದಲ್ಲಿ ಅವಲಕ್ಕಿ. ಸರಿ. ಎರಡನೇ ಮೇಜು. ಸಜ್ಜಿಗೆ, ಅವಲಕ್ಕಿ. ಮೂರನೇ ಮುಚ್ಚಳ ತೆಗೆಯುವಾಗ ಹೆಡ್ಮಾಸ್ಟರು ಕಣ್ಣು ಮುಚ್ಚಿಕೊಂಡರು. ನಾಲ್ಕು, ಐದು. ಐದರಲ್ಲೂ ಸಜ್ಜಿಗೆ, ಅವಲಕ್ಕಿ.

ನಾನು ಚೇಟನ ಕಿವಿಯಲ್ಲಿ ಕೇಳಿದೆ: “ಇದೆಂತದ್ದು? ನಿಮ್ಮ ವಿಶೇಷ ಎಲ್ಲಿ?”

“ನಮ್ಮದನ್ನು ಇವರೆಲ್ಲ ತಿನ್ನಬೇಕಲ್ಲ ಮಾಷ್ಟ್ರೆ? ಯಾರಿಗೂ ತೊಂದರೆ ಆಗಬಾರದು ಅಂತ ಎಲ್ಲರಿಗೂ ಆಗುವಂಥದ್ದು ಮಾಡಿದ್ದು.”

ಐದು ಮನೆಯವರೂ ಇದನ್ನೇ ಯೋಚಿಸಿದ್ದರು. ಒಬ್ಬರಿಗೆ ಇನ್ನೊಬ್ಬರ ಮೇಲಿನ ದಾಕ್ಷಿಣ್ಯ ವೈವಿಧ್ಯವನ್ನು ಬುಡಸಮೇತ ಕಿತ್ತುಹಾಕಿತ್ತು. ಅದರಲ್ಲೂ ಅಧ್ಯಕ್ಷರು ನೀರುಳ್ಳಿ ಮುಟ್ಟದವರೆಂದು ನಾಲ್ಕು ಮನೆಯವರೂ ನೀರುಳ್ಳಿ ಹಾಕಿರಲಿಲ್ಲ. ನೀರುಳ್ಳಿ ಇದ್ದದ್ದು ಒಂದೇ ಪಾತ್ರೆಯಲ್ಲಿ. ಅದು ಅಧ್ಯಕ್ಷರ ಮನೆಯದ್ದು. ಉಳಿದವರಿಗೆ ನೀರುಳ್ಳಿ ಇಲ್ಲದೆ ಸೇರುವುದಿಲ್ಲವೆಂದು ಅವರ ಮನೆಯವರು ಧಾರಾಳವಾಗಿ ಹಾಕಿದ್ದರು.

ಅಧ್ಯಕ್ಷರು ತಮ್ಮ ಪಾತ್ರೆಗೆ ಮೂಗು ತಂದು ಹಿಂದೆ ಸರಿದರು. ಅವರಿಗೆ ಹಸಿವಾಗಿತ್ತು. ಆಚೀಚೆ ನೋಡಿದರು. ಹತ್ತಿರದ ಮೇಜು ಕಾಕನದ್ದು. ಬದುಕಿನಲ್ಲಿ ಹೊರಗೆ ನೀರೂ ಕುಡಿಯದ ಮನುಷ್ಯ ಇಡೀ ಊರು ನೋಡುತ್ತಿದ್ದಂತೆ ಬಾಳೆಲೆ ಚಾಚಿದರು. “ಹಾಕಿ ಕಾಕ. ನಮ್ಮದು ನನಗೆ ಆಗುದಿಲ್ಲ.”

ಕಾಕನ ಕೈಯ ಸೌಟು ಗಾಳಿಯಲ್ಲೇ ನಿಂತಿತ್ತು. ಹೆಡ್ಮಾಸ್ಟರ ಕಣ್ಣಲ್ಲಿ ನೀರು. ನಾನು ಓದಿದ ಪುಸ್ತಕಗಳಲ್ಲಿ ಸಮಾಜ ಪರಿವರ್ತನೆಗೆ ಹಲವು ಕಾರಣ ಕೊಟ್ಟಿದ್ದರು. ನೀರುಳ್ಳಿ ಅವುಗಳಲ್ಲಿ ಇರಲಿಲ್ಲ.

ಮುಂಡಾಸು

ಸಾಹೇಬರಿಗೆ ಇದೊಂದೂ ಕಾಣಲಿಲ್ಲ. ಅವರಿಗೆ ಕಂಡದ್ದು ಐದು ಪಾತ್ರೆ ಉಪ್ಪಿಟ್ಟು. ಮುಖ ಗಂಟಾಯಿತು.

“ಏನ್ರೀ ಇದು? ವೈವಿಧ್ಯ ಅಂತ ಮಂಗಳೂರಿಂದ ಕರೆಸಿ ಐದು ಕಡೆ ಉಪ್ಪಿಟ್ಟು ತಿನ್ನಿಸ್ತೀರಾ? ಇದಕ್ಕೆ ನಾನು ಹತ್ತನೇ ತರಗತಿ ಕೊಡಬೇಕಾ?”

ಹೆಡ್ಮಾಸ್ಟರ ಮೂರು ವರ್ಷದ ದುಡಿಮೆ ಅವಲಕ್ಕಿಯಲ್ಲಿ ಕಲಸಿಹೋಗಿತ್ತು.

“ಹೋಗ್ಲಿ, ಆ ಸರ್ದಾರ್ಜಿ ಮನೆಯವರು ಏನೂ ತರಲಿಲ್ವೇ? ಒಂದು ರೊಟ್ಟಿಯಾದರೂ?” ಎಂದು ಸಾಹೇಬರು ಸುತ್ತ ನೋಡಿದರು. “ಎಲ್ಲಿ ಅವರು? ಈ ಸಲ ನಾನು ನೋಡದೆ ಹೋಗುವುದಿಲ್ಲ.”

ಹೆಡ್ಮಾಸ್ಟರು ಡ್ರಾಯಿಂಗ್ ಮೇಷ್ಟ್ರನ್ನು ನೋಡಿದರು. ಡ್ರಾಯಿಂಗ್ ಮೇಷ್ಟ್ರು ಆಕಾಶ ನೋಡಿದರು. ಆಗ ಕಾಕ ಸೌಟು ಕೆಳಗಿಟ್ಟರು.

“ಅವರು ಊರು ಬಿಟ್ಟು ಹೋದರು ಸಾರ್.”

“ಹೋದರಾ? ಯಾಕೆ?”

“ಎರಡು ಹೆಣ್ಣುಮಕ್ಕಳು ಸಾರ್. ಭಾರೀ ಚುರುಕು.” ಕಾಕ ಮೇಜಿನ ಮೇಲಿನ ಅವಲಕ್ಕಿಯನ್ನೇ ನೋಡುತ್ತಿದ್ದರು. “ದೊಡ್ಡವಳು ಒಂಬತ್ತು ಮುಗಿಸಿದಳು. ಇಲ್ಲಿ ಹತ್ತು ಇಲ್ಲ. ಪುತ್ತೂರಿಗೆ ಒಬ್ಬಳನ್ನೇ ಕಳಿಸ್ಲಿಕ್ಕೆ ತಂದೆಗೆ ಧೈರ್ಯ ಬರ್ಲಿಲ್ಲ. ಬೀಡಿ ಕಟ್ಟಲಿಕ್ಕೆ ಕೂರಿಸಿದರು.”

ಸಾಹೇಬರು ಹೌಹಾರಿದರು. “ಏನಂದ್ರಿ? ಬೀಡಿಯಾ? ಸಿಖ್ಖರು ಹೊಗೆಸೊಪ್ಪನ್ನ ಕೈಯಲ್ಲೂ ಮುಟ್ಟಲ್ಲ ಕಣ್ರೀ! ಅವರ ಧರ್ಮದಲ್ಲೇ ನಿಷೇಧ!”

ಮುಗಿಯಿತು ಎಂದುಕೊಂಡೆ. ನಮ್ಮಲ್ಲಿ ಯಾರಿಗೂ ಇದು ಗೊತ್ತಿರಲಿಲ್ಲ. ಚಾರ್ಟಿನಲ್ಲಿ ಅದು ಬರೆದಿರಲಿಲ್ಲ. ಹೆಡ್ಮಾಸ್ಟರು ಮೇಜಿನ ಅಂಚು ಹಿಡಿದುಕೊಂಡರು. ಕಾಕ ಮಾತ್ರ ರೆಪ್ಪೆ ಬಡಿಯಲಿಲ್ಲ.

“ಅದಕ್ಕೇ ಸಾರ್ ಊರು ಬಿಟ್ಟದ್ದು. ಒಂಬತ್ತರ ನಂತರ ಈ ಊರಿನ ಹೆಣ್ಣುಮಕ್ಕಳಿಗೆ ಇರುದು ಬೀಡಿ ಒಂದೇ. ಅದು ಅವರ ಧರ್ಮಕ್ಕೆ ಆಗುದಿಲ್ಲ. ಎರಡನೆಯವಳನ್ನಾದರೂ ಓದಿಸುವ ಅಂತ ಲಾರಿ ಹತ್ತಿಸಿಕೊಂಡು ಹೋದರು. ನಮಗೆ ಲಾರಿ ಇಲ್ಲ, ನಾವು ಇದ್ದೇವೆ.”

ಸಾಹೇಬರು ಗೋಡೆಯ ಬಳಿಗೆ ಹೋಗಿ ಗುಲಾಬಿ ಮುಂಡಾಸಿನ ಮುಂದೆ ನಿಂತರು. ಎರಡು ಮಳೆಗಾಲ ಕಂಡು ಬಣ್ಣ ಸ್ವಲ್ಪ ಮಾಸಿತ್ತು. “ಇದ್ದ ಒಂದು ಮನೆಯನ್ನೂ ಕಳಕೊಂಡ್ವಲ್ರೀ,” ಎಂದರು. ಕನ್ನಡಕ ತೆಗೆದು ಒರೆಸಿಕೊಂಡರು. “ಹೆಡ್ಮಾಸ್ಟರೇ, ಅವರಿಗೆ ಹೇಗಾದರೂ ತಿಳಿಸಿ. ವಾಪಸ್ ಬರಲಿ. ಜೂನ್‌ನಲ್ಲಿ ಹತ್ತನೇ ತರಗತಿ ಇರುತ್ತೆ.”

“ತಿಳಿಸ್ತೇನೆ ಸಾರ್” ಎಂದರು ಹೆಡ್ಮಾಸ್ಟರು.

ವರ್ಗವಾಗುವ ಮೊದಲು ಸಾಹೇಬರು ಮಾತು ಉಳಿಸಿಕೊಂಡರು. ಜೂನಿನಲ್ಲಿ ಕಾಕನ ಎರಡನೇ ಮಗಳು ಹತ್ತನೇ ತರಗತಿಯ ಮೊದಲ ಬೆಂಚಿನಲ್ಲಿ ಕೂತಳು. ಬೀಡಿಯ ಮೊರವನ್ನು ಬದಿಗಿಟ್ಟು ದೊಡ್ಡವಳೂ ಬಂದು ಅವಳ ಪಕ್ಕದಲ್ಲಿ ಕೂತಾಗ ಅಕ್ಕತಂಗಿಯರಿಬ್ಬರೂ ಒಂದೇ ತರಗತಿ. ಆ ದಿನ ಹೆಡ್ಮಾಸ್ಟರು ಗೋಡೆಯ ಮುಂದೆ ತಲೆತಗ್ಗಿಸಿ ನಿಂತಿದ್ದರು. ಕಾಕ ಅಂಗಡಿಯಿಂದ ದಾಟಿ ಬಂದರು.

“ಎಂತ ಹೆಡ್ಮಾಷ್ಟ್ರೆ, ಹತ್ತು ಬಂತಲ್ಲ. ಇನ್ನೆಂತ ಚಿಂತೆ?”

“ಸುಳ್ಳು ಹೇಳಿ ತಂದದ್ದಲ್ಲ ಕಾಕ.”

“ಸುಳ್ಳು ಎಂತದ್ದು? ಮುಂಡಾಸು ಒಂದು ಬಿಟ್ಟರೆ ಉಳಿದದ್ದೆಲ್ಲ ನಿಜವೇ ಅಲ್ವಾ?”

ಹೆಡ್ಮಾಸ್ಟರಿಗೆ ಸಮಾಧಾನವಾಗಲಿಲ್ಲ. ಡ್ರಾಯಿಂಗ್ ಮೇಷ್ಟ್ರನ್ನು ಕರೆದರು. “ಬ್ರಷ್ಷು ತನ್ನಿ. ಈ ಮನುಷ್ಯನನ್ನು ಈಗಲೇ ಅಳಿಸಿ.”

ಡ್ರಾಯಿಂಗ್ ಮೇಷ್ಟ್ರು ಬ್ರಷ್ಷು ಹಿಡಿದು ಬಂದರು. ಎರಡು ಹೆಜ್ಜೆ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ, ಸರ್ದಾರ್ಜಿಯ ಪಕ್ಕದ ಖಾಲಿ ಗೋಡೆಯನ್ನು ಅಳೆಯುವವರ ಹಾಗೆ ನೋಡಿದರು.

“ಅಳಿಸೂದು ಬ್ಯಾಡ್ರಿ ಸರ. ಬಾಜೂಕ ಇನ್ನೂ ಜಾಗ ಐತಿ. ಮುಂದ ಕಾಲೇಜು ಬೇಕಂದ್ರ ಹೇಳ್ರಿ, ಒಬ್ಬ ಪಾರ್ಸಿನ್ನ ನಿಂದರಸ್ತೀನಿ.”